ಮೂವತ್ತಾರಕ್ಕೇ ಮುದುಕ!

ನಮ್ಮ ಚಿತ್ರಗಳಲ್ಲಿ ಮೂವತ್ತಾರು ಎಂದರೆ ನಾಯಕನಿಗೆ ಇನ್ನೂ ಕಾಲೇಜಿಗೆ ಹೋಗುವ ವಯಸ್ಸು! ಒಂದೇ ಒಂದು ನೋಟ್‌ಬುಕ್ಕನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ ಬಂದು, ನಾಯಕಿಯ ಸೈಕಲ್ಲಿಗೆ ಅಡ್ಡ ನಿಂತು, ಮುಂದಿನ ದೃಶ್ಯದಲ್ಲಿ ಊಟಿಗೆ ಹಾಡಲು ಹೊರಡುವ ವಯಸ್ಸು. ನಾವೂ ಶಿಳ್ಳೆ ಹೊಡೆದು ಒಪ್ಪಿಕೊಳ್ಳುತ್ತೇವೆ. ಆದರೆ ಅಮೆರಿಕದ ಬೇಸ್‌ಬಾಲ್ ಮೈದಾನದಲ್ಲಿ ಅದೇ ಮೂವತ್ತಾರಕ್ಕೆ ಆಟಗಾರ ಮುದುಕ! 'ಇವನ ಕಾಲು ಹೋಯಿತು, ಕೈ ನಿಧಾನವಾಯಿತು, ಇನ್ನು ಇವನಿಗೆ ದುಡ್ಡು ಸುರಿಯುವುದು ದಂಡ' ಎಂದು ಮೇಜಿನ ಸುತ್ತ ಕುಳಿತವರು ತೀರ್ಮಾನಿಸಿಬಿಡುತ್ತಾರೆ.

ಹಾಗೆ ಮುದುಕನೆನಿಸಿಕೊಂಡವನೂ ಅವನನ್ನು ಕೊಂಡವನೂ ಒಟ್ಟಿಗೇ ಬರುವ ಚಿತ್ರ 'ಮನಿಬಾಲ್'. ತೆರೆಗೆ ಬಂದದ್ದು 2011ರಲ್ಲಿ. ನಾಯಕ ಬ್ರಾಡ್ ಪಿಟ್, ನಿರ್ದೇಶಕ ಬೆನೆಟ್ ಮಿಲ್ಲರ್. ಮೊದಲು ಬೇರೊಬ್ಬ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಮಾಡಬೇಕಿತ್ತು. 2009ರಲ್ಲಿ ಇನ್ನೇನು ಕ್ಯಾಮೆರಾ ತಿರುಗಬೇಕು ಎನ್ನುವಾಗ ನಿರ್ಮಾಣ ಸಂಸ್ಥೆ ಬ್ರೇಕ್ ಹಾಕಿತು. ಕೊನೆಗೆ ಚಿತ್ರವಾಗಿ, ಆಸ್ಕರ್ ಪಟ್ಟಿಯ ಆರು ವಿಭಾಗಗಳಲ್ಲಿ ಹೆಸರು ಬಂತು, ಕೈಗೆ ಒಂದೂ ಬರಲಿಲ್ಲ!

ಇದರಲ್ಲಿ ಪ್ರೇಮ ಪ್ರಸಂಗವಿಲ್ಲ, ಫೈಟಿಂಗ್ ಇಲ್ಲ. ನಾಯಕ ಬ್ಯಾಟು ಹಿಡಿದು ಪಂದ್ಯ ಗೆಲ್ಲಿಸುವುದೂ ಇಲ್ಲ. ಅವನ ಕೆಲಸವೇ ಬೇರೆ. ಫೋನಿನಲ್ಲಿ ಮಾತಾಡಿ ಆಟಗಾರರನ್ನು ಕೊಳ್ಳುವುದು, ಬದಲಾಯಿಸುವುದು, ಮನೆಗೆ ಕಳಿಸುವುದು. ಹಾಗಿದ್ದೂ ನಾನು ಈ ಚಿತ್ರವನ್ನು ಮೂರು ಸಲ ನೋಡಿದೆ. ಏಕೆಂದು ಹೇಳುತ್ತೇನೆ, ಕೇಳಿ.

ಕೈಯಲ್ಲಿ ಕಾಸಿಲ್ಲ, ಎದುರಿಗೆ ಕುಬೇರ

ಕಥೆ ನಡೆದದ್ದು ನಿಜ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ 2001ರಲ್ಲಿ 102 ಪಂದ್ಯ ಗೆದ್ದು, ಕೊನೆಯ ಘಟ್ಟದಲ್ಲಿ ನ್ಯೂಯಾರ್ಕಿನ ಯಾಂಕೀಸ್‌ಗೆ ಸೋತಿತು. ಸೋತದ್ದು ಸಾಲದೆಂಬಂತೆ ತಂಡದ ಮೂವರು ತಾರೆಗಳು ಹೆಚ್ಚಿನ ಹಣಕ್ಕೆ ಹೊರಟುಹೋದರು. ಅವರಲ್ಲಿ ದೊಡ್ಡವನು ಜೇಸನ್ ಜಿಯಾಂಬಿ. ಯಾಂಕೀಸ್ ಅವನಿಗೆ ಏಳು ವರ್ಷಕ್ಕೆ ಕೊಟ್ಟದ್ದು 12 ಕೋಟಿ ಡಾಲರ್! ಓಕ್ಲೆಂಡಿನ ಇಡೀ ತಂಡದ ಒಂದು ವರ್ಷದ ಸಂಬಳ ಸುಮಾರು 4 ಕೋಟಿ. ಯಾಂಕೀಸ್‌ನದು ಅದರ ಮೂರು ಪಟ್ಟು. ಜಟ್ಕಾ ಕಟ್ಟಿಕೊಂಡು ಇಂಪಾಲಾ ಕಾರಿನ ಜೊತೆ ರೇಸಿಗೆ ಇಳಿದಂತೆ!

ತಂಡದ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್. ಇವನದೂ ಒಂದು ಕಥೆಯೇ. 1980ರಲ್ಲಿ ಶಾಲೆ ಮುಗಿಸಿದ ಹುಡುಗನನ್ನು ಮೆಟ್ಸ್ ತಂಡ ಮೊದಲ ಸುತ್ತಿನಲ್ಲೇ ಎತ್ತಿಕೊಂಡಿತು. ಎತ್ತರ, ಮೈಕಟ್ಟು, ಮುಖ, ಎಲ್ಲವೂ ಸಿನಿಮಾ ನಾಯಕನಂತೆ. ಮುಖ ನೋಡಿ ಮಣೆ ಹಾಕಿದರು. ಆಮೇಲೆ? ದೊಡ್ಡ ಲೀಗಿನಲ್ಲಿ ಅವನು ಆಡಿದ್ದು ಒಟ್ಟು 148 ಪಂದ್ಯ ಮಾತ್ರ. ಬ್ಯಾಟು ಕೆಳಗಿಟ್ಟು ಆಟಗಾರರನ್ನು ಹುಡುಕುವ ಕೆಲಸಕ್ಕೆ ಸೇರಿಕೊಂಡ. ತನ್ನನ್ನೇ ತಪ್ಪಾಗಿ ತೂಗಿದ ತಕ್ಕಡಿಯ ಮೇಲೆ ಅವನಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಚಿತ್ರದಲ್ಲಿ ಹಳೆಯ ಸ್ಕೌಟ್‌ಗಳು ಮೇಜಿನ ಸುತ್ತ ಕುಳಿತು ಆಟಗಾರರನ್ನು ಅಳೆಯುವ ದೃಶ್ಯವೊಂದಿದೆ. ಒಬ್ಬ ಆಟಗಾರನ ಗೆಳತಿ ನೋಡಲು ಚೆನ್ನಾಗಿಲ್ಲವಂತೆ, ಆದ್ದರಿಂದ ಅವನಿಗೆ ಆತ್ಮವಿಶ್ವಾಸ ಇರಲಾರದಂತೆ! ನಗು ಬರುತ್ತದೆ. ಗಾಂಧಿನಗರದಲ್ಲಿ ಕಾಲಿಟ್ಟವರಿಗೆ ಈ ಬಗೆಯ ಮಾತು ಹೊಸದೇನಲ್ಲ ಬಿಡಿ.

ಹೋದದ್ದಲ್ಲ, ಉಳಿದದ್ದು

ಹೊಸ ತಾರೆಗಳನ್ನು ಕೊಳ್ಳಲು ಬೀನ್ ಬಳಿ ಹಣವಿಲ್ಲ. ಹಾಗಾಗಿ ಬೇರೆಯವರು 'ಮುಗಿಯಿತು' ಎಂದು ಬದಿಗಿಟ್ಟವರ ಕಡೆ ಕೈ ಚಾಚಿದ. ಹಾಗೆ ಬಂದವನು ಡೇವಿಡ್ ಜಸ್ಟಿಸ್.

ಈ ಜಸ್ಟಿಸ್ ಸಾಮಾನ್ಯನಲ್ಲ. 1990ರಲ್ಲಿ ನ್ಯಾಷನಲ್ ಲೀಗಿನ ಶ್ರೇಷ್ಠ ಹೊಸ ಆಟಗಾರ. 1995ರ ವಿಶ್ವ ಸರಣಿಯ ಕೊನೆಯ ಪಂದ್ಯದಲ್ಲಿ ಅಟ್ಲಾಂಟಾ ಗೆದ್ದದ್ದು ಒಂದಕ್ಕೆ ಸೊನ್ನೆಯಲ್ಲಿ. ಆ ಒಂದು ಇವನ ಹೋಮ್ ರನ್! ನಮ್ಮ ಓದುಗರಿಗೆ ಇನ್ನೊಂದು ಸ್ವಾರಸ್ಯ: ಈತ ಹಾಲಿವುಡ್ ಸುಂದರಿ ಹ್ಯಾಲಿ ಬೆರ್ರಿಯ ಮೊದಲ ಪತಿ. 2000ದಲ್ಲಿ 41 ಹೋಮ್ ರನ್ ಬಾರಿಸಿದವನು ಮರುವರ್ಷ ಗಾಯಗೊಂಡು 18ಕ್ಕೆ ಇಳಿದ. ಯಾಂಕೀಸ್ ಅವನನ್ನು ಮೆಟ್ಸ್‌ಗೆ ಕೊಟ್ಟಿತು. ಮೆಟ್ಸ್ ಒಂದೇ ವಾರದಲ್ಲಿ ಓಕ್ಲೆಂಡಿಗೆ ದಾಟಿಸಿತು, ಜೊತೆಗೆ ದುಡ್ಡೂ ಕೊಟ್ಟು! ಬೇಡವಾದ ಅಲ್ಮೇರವನ್ನು ಸಾಗಿಸಲು ಗಾಡಿ ಬಾಡಿಗೆಯನ್ನೂ ನಾವೇ ಕೊಡುತ್ತೇವಲ್ಲ, ಹಾಗೆ.

ಬೀನ್ ಇವನಲ್ಲಿ ಕಂಡದ್ದೇನು? ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ. ಲೆಕ್ಕವೆಂದರೆ ಜ್ವರ ಬಂದು ಪಿ.ಯು.ಸಿ.ಯನ್ನೇ ಅರ್ಧಕ್ಕೆ ಬಿಟ್ಟವನು ನಾನು. ನನಗೇ ತಿಳಿಯಿತೆಂದರೆ ನಿಮಗೆ ಕಷ್ಟವಿಲ್ಲ. ಬೇಸ್‌ಬಾಲಿನಲ್ಲಿ ಎಸೆಯುವವನ ಚೆಂಡು ನಾಲ್ಕು ಸಲ ಅಳತೆ ತಪ್ಪಿ, ಬ್ಯಾಟುಗಾರ ಅದನ್ನು ಮುಟ್ಟದೆ ಬಿಟ್ಟರೆ, ಅವನು ಹೊಡೆಯದೆಯೇ ಮೊದಲ ಬೇಸಿಗೆ ನಡೆದು ಹೋಗಬಹುದು. ಇದಕ್ಕೆ 'ವಾಕ್' ಎನ್ನುತ್ತಾರೆ. ಶಿಳ್ಳೆ ಬೀಳುವ ಕೆಲಸವಲ್ಲ ಇದು. ಆದರೆ ಬೇಸಿನ ಮೇಲೆ ಆಳು ನಿಂತರೆ ತಾನೆ ರನ್ನು?

ವಯಸ್ಸಾದಂತೆ ಮೊದಲು ಹೋಗುವುದು ಕಾಲಿನ ವೇಗ. ಆಮೇಲೆ ತೋಳಿನ ಕಸುವು. ಯಾವ ಚೆಂಡನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಇದೆಯಲ್ಲ, ಅದು ಬೇಗ ಹೋಗುವುದಿಲ್ಲ. 2002ರಲ್ಲಿ ಜಸ್ಟಿಸ್‌ನ ಬ್ಯಾಟಿಂಗ್ ಸರಾಸರಿ .266. ಅಂದರೆ ನೂರಕ್ಕೆ ಇಪ್ಪತ್ತಾರು-ಇಪ್ಪತ್ತೇಳು ಸಲ ಹೊಡೆದು ಬೇಸು ಸೇರಿದ, ದೊಡ್ಡ ಸಂಗತಿಯಲ್ಲ. ವಾಕ್‌ಗಳನ್ನೂ ಸೇರಿಸಿ ಎಣಿಸಿದರೆ .376! ನೂರಕ್ಕೆ ಮೂವತ್ತೇಳು-ಮೂವತ್ತೆಂಟು ಸಲ ಬೇಸು ತಲುಪಿದ 'ಮುದುಕ'. ಹೋಮ್ ರನ್ ಮಾತ್ರ ಎಣಿಸಿದವರಿಗೆ ಅವನು ಖಾಲಿ ಡಬ್ಬಿ. ಉಳಿದದ್ದನ್ನು ಎಣಿಸಿದವನಿಗೆ ಅವನಲ್ಲಿ ಇನ್ನೂ ಸರಕಿತ್ತು.

ಚಿತ್ರದಲ್ಲಿ ಬೀನ್ ಇದನ್ನು ಜಸ್ಟಿಸ್‌ನ ಮುಖಕ್ಕೇ ಹೇಳುತ್ತಾನೆ. ನೀನು ಹಿಂದೆ ಏನಾಗಿದ್ದೆಯೋ ಅದಕ್ಕೆ ನಾನು ಹಣ ಕೊಡುತ್ತಿಲ್ಲ, ಈಗ ಏನಾಗಿದ್ದೀಯೋ ಅದಕ್ಕೆ ಕೊಡುತ್ತಿದ್ದೇನೆ ಎಂಬ ಅರ್ಥದ ಮಾತು. ಜಸ್ಟಿಸ್ ಪಾತ್ರಧಾರಿ ಸ್ಟೀಫನ್ ಬಿಷಪ್ ಸ್ವತಃ ಬೇಸ್‌ಬಾಲ್ ಆಡಿ ಬಂದವನು. ಆ ಮಾತು ಕೇಳಿದಾಗ ಅವನ ಮುಖದಲ್ಲಿ ಅವಮಾನ ಮೊದಲು, ಸಮಾಧಾನ ಆಮೇಲೆ. ನೋಡಬೇಕು ನೀವು!

ಇನ್ನೊಬ್ಬ ಸ್ಕಾಟ್ ಹ್ಯಾಟೆಬರ್ಗ್. ವಿಕೆಟ್‌ಕೀಪರನಂತೆ ಹಿಂದೆ ಕುಳಿತು ಚೆಂಡು ಹಿಡಿಯುತ್ತಿದ್ದ ಕ್ಯಾಚರ್. ಮೊಣಕೈಯ ನರ ಕೆಟ್ಟು ಚೆಂಡೆಸೆಯಲು ಆಗದಾಯಿತು. ಎಸೆಯಲಾರದ ಕ್ಯಾಚರನೆಂದರೆ ದನಿ ಹೋದ ಗಾಯಕ! ಬೀನ್ ಅವನನ್ನು ಕರೆತಂದು, ಅಷ್ಟಾಗಿ ಎಸೆಯಬೇಕಿಲ್ಲದ ಮೊದಲ ಬೇಸಿನಲ್ಲಿ ನಿಲ್ಲಿಸಿದ. ಚಿತ್ರದಲ್ಲಿ ಇವನ ಪಾತ್ರ ಮಾಡಿದವನು ಕ್ರಿಸ್ ಪ್ರ್ಯಾಟ್. 'ನೀನು ದಪ್ಪ' ಎಂದು ಮೊದಲು ಕಳಿಸಿಬಿಟ್ಟಿದ್ದರಂತೆ, ತೂಕ ಇಳಿಸಿಕೊಂಡು ಬಂದು ಪಾತ್ರ ಗಿಟ್ಟಿಸಿದ. ನಿನಗೆ ಅತಿ ದೊಡ್ಡ ಭಯ ಯಾವುದೆಂದು ಜಸ್ಟಿಸ್ ಕೇಳುತ್ತಾನೆ. ಚೆಂಡು ನನ್ನ ಕಡೆ ಬರುವುದು ಎನ್ನುತ್ತಾನೆ ಹ್ಯಾಟೆಬರ್ಗ್. ಜಸ್ಟಿಸ್ ತಮಾಷೆಯೆಂದು ನಗುತ್ತಾನೆ. ತಮಾಷೆಯಲ್ಲ!

2002ರ ಸೆಪ್ಟೆಂಬರ್ 4. ಓಕ್ಲೆಂಡ್ ಸತತ 19 ಪಂದ್ಯ ಗೆದ್ದಿದೆ. ಇಪ್ಪತ್ತನೆಯದು ಕ್ಯಾನ್ಸಾಸ್ ಸಿಟಿ ವಿರುದ್ಧ. 11-0 ಮುಂದಿದ್ದವರು ಎಡವಿ ಎಡವಿ 11-11ಕ್ಕೆ ಬಂದು ನಿಂತರು. ಕೊನೆಯ ಸರದಿಯಲ್ಲಿ ಬದಲಿ ಬ್ಯಾಟುಗಾರನಾಗಿ ಬಂದ ಹ್ಯಾಟೆಬರ್ಗ್ ಒಂದು ಹೊಡೆತ ಹೊಡೆದ... ಹೋಮ್ ರನ್! ಯಾವ ಕಥೆಗಾರ ಬರೆದು ತಂದರೂ ನಿರ್ಮಾಪಕ 'ಇದು ಜಾಸ್ತಿ ಆಯ್ತು' ಎನ್ನುತ್ತಿದ್ದ. ಆ ವರ್ಷ ಓಕ್ಲೆಂಡ್ ಗೆದ್ದದ್ದು 103 ಪಂದ್ಯ. ಮೂರು ಪಟ್ಟು ಖರ್ಚು ಮಾಡಿದ ಯಾಂಕೀಸ್ ಗೆದ್ದದ್ದೂ 103!

ಇಪ್ಪತ್ತೈದು ಕುರ್ಚಿ

ಆದರೆ ಈ ಆಟಕ್ಕೆ ಇನ್ನೊಂದು ಮುಖವಿದೆ. ಆಗ ತಂಡದ ಪಟ್ಟಿಯಲ್ಲಿ ಕುರ್ಚಿ ಇಪ್ಪತ್ತೈದೇ. 2020ರಿಂದ ಇಪ್ಪತ್ತಾರು. ಹೊಸಬನೊಬ್ಬ ಒಳಗೆ ಬಂದನೆಂದರೆ ಅದೇ ದಿನ ಇನ್ನೊಬ್ಬ ಎದ್ದು ಹೋಗಬೇಕು. ಹೆಚ್ಚುವರಿ ಬೆಂಚು ತರಿಸುವಂತಿಲ್ಲ.

2002ರ ಜುಲೈ ಕೊನೆಯಲ್ಲಿ ಬೀನ್ ರಿಕಾರ್ಡೊ ರಿಂಕನ್ ಎಂಬ ಎಸೆತಗಾರನನ್ನು ತಂದ. ಅವನಿಗಾಗಿ ಎದ್ದು ಹೋದವನು ಮೈಕ್ ಮ್ಯಾಗ್ನಾಂಟೆ, ವಯಸ್ಸು 37. ದೊಡ್ಡ ಲೀಗಿನಲ್ಲಿ ಹತ್ತು ವರ್ಷ ಸೇವೆ ಪೂರ್ಣವಾದರೆ ಆಟಗಾರನಿಗೆ ಪೂರ್ತಿ ಪಿಂಚಣಿ. ಮ್ಯಾಗ್ನಾಂಟೆಗೆ ಆ ಹತ್ತು ವರ್ಷ ತುಂಬಲು ಉಳಿದಿದ್ದದ್ದು ಕೆಲವೇ ದಿನ! ಲೆಕ್ಕ ಸರಿಯಾಗಿತ್ತು, ಅವನ ಎಸೆತ ಕೆಟ್ಟಿತ್ತು, ರಿಂಕನ್ ಮೇಲಾಗಿದ್ದ. ತಂಡದ ಹಿತವೇ ದೊಡ್ಡದು ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡೆ. ಆದರೂ ಆ ಕೆಲವು ದಿನ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತೆ ಇವತ್ತಿಗೂ ಚುಚ್ಚುತ್ತದೆ.

ಚಿತ್ರ ಎಲ್ಲವನ್ನೂ ನೇರವಾಗಿ ಹೇಳಿದೆ ಎಂದೂ ತಿಳಿಯಬೇಡಿ. ಆ ವರ್ಷದ ಗೆಲುವಿನ ದೊಡ್ಡ ಪಾಲು ಬ್ಯಾರಿ ಝೀಟೊ, ಟಿಮ್ ಹಡ್ಸನ್, ಮಾರ್ಕ್ ಮಲ್ಡರ್ ಎಂಬ ಮೂವರು ಎಸೆತಗಾರರದು, ಲೀಗಿನ ಅತ್ಯುತ್ತಮ ಆಟಗಾರನೆನಿಸಿದ ಮಿಗೆಲ್ ತೇಹಾದನದು. ಇವರೆಲ್ಲ ತೆರೆಯ ಮೇಲೆ ಹೆಚ್ಚುಕಡಿಮೆ ಎಕ್ಸ್‌ಟ್ರಾ ಕಲಾವಿದರು! ತರಬೇತಿ ನೋಡುತ್ತಿದ್ದ ಆರ್ಟ್ ಹೋ ಅವರನ್ನು ಮುಖ ಗಂಟಿಕ್ಕಿದ ಮನುಷ್ಯನಂತೆ ತೋರಿಸಿದ್ದಾರೆ. ದಿವಂಗತ ಫಿಲಿಪ್ ಸೀಮೋರ್ ಹಾಫ್‌ಮನ್‌ರ ನಟನೆ ಅದ್ಭುತ, ಆದರೆ ನಿಜವಾದ ಹೋ ಇದರಿಂದ ನೊಂದುಕೊಂಡು ಬಹಿರಂಗವಾಗಿಯೇ ಆಕ್ಷೇಪಿಸಿದರು. ಆಟಗಾರರನ್ನು ತಪ್ಪಾಗಿ ತೂಗುತ್ತಾರೆಂದು ದೂರುವ ಚಿತ್ರ ತಾನೇ ಒಬ್ಬ ಹಿರಿಯನನ್ನು ತಪ್ಪಾಗಿ ತೂಗಿತು!

ಲೆಕ್ಕಕ್ಕೆ ಸಿಗದ್ದೂ ಇದೆ. ಯಾಂಕೀಸ್‌ಗೆ ಹೋದ ಆ ಜಿಯಾಂಬಿ 2013ರಲ್ಲಿ, 42ನೇ ವಯಸ್ಸಿನಲ್ಲಿ, ಕ್ಲೀವ್‌ಲೆಂಡ್ ತಂಡದಲ್ಲಿದ್ದ. ಸರಾಸರಿ .183, ನೂರಕ್ಕೆ ಹದಿನೆಂಟು! ಯಾವ ಲೆಕ್ಕಿಗನಾದರೂ ಹೊರಗೆ ಹಾಕುತ್ತಿದ್ದ. ಮ್ಯಾನೇಜರ್ ಟೆರ್ರಿ ಫ್ರಾಂಕೋನ ಹಾಕಲಿಲ್ಲ. ಹುಡುಗರ ನಡುವೆ ಈ ಹಿರಿಯ ಇರಬೇಕು ಎಂದರು. ಸೆಪ್ಟೆಂಬರ್ 24ರಂದು ಕ್ಲೀವ್‌ಲೆಂಡ್ ಸೋಲಿನ ಅಂಚಿನಲ್ಲಿದ್ದಾಗ ಬದಲಿಯಾಗಿ ಬಂದ ಜಿಯಾಂಬಿ ಹೋಮ್ ರನ್ ಹೊಡೆದು 5-4ರಲ್ಲಿ ಗೆಲ್ಲಿಸಿದ. ಆ ವರ್ಷ ಕ್ಲೀವ್‌ಲೆಂಡ್ ಮುಂದಿನ ಸುತ್ತಿಗೆ ಹೋದದ್ದು ಅಂಥ ಒಂದೊಂದೇ ಗೆಲುವನ್ನು ಕೂಡಿಸಿ. ಹಿರಿಯನನ್ನು ತೂಗುವವನಿಗೆ ಎರಡು ಕಣ್ಣು ಬೇಕು. ಒಂದು ಪುಸ್ತಕದ ಮೇಲೆ, ಇನ್ನೊಂದು ಮನುಷ್ಯನ ಮೇಲೆ.

ಫೋನು ಬರಲಿಲ್ಲ

ಮೂರನೆಯ ಸಲ ನಾನು ಈ ಚಿತ್ರ ನೋಡಿದ್ದು ಒಬ್ಬ ಹಿರಿಯ ಪೋಷಕ ನಟರ ಮನೆಯಲ್ಲಿ. ಹೆಸರು ಬೇಡವೆಂದಿದ್ದಾರೆ. ನೂರಾರು ಚಿತ್ರಗಳಲ್ಲಿ ತಂದೆ, ಊರ ಗೌಡ, ಪೊಲೀಸ್ ಕಮಿಷನರ್ ಆದವರು. ನಾನು ಇಂಗ್ಲಿಷ್ ಮಾತನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಅವರು ಚಹಾ ಆರುವುದನ್ನೂ ಮರೆತು ನೋಡುತ್ತಿದ್ದರು.

ಒಂದು ದೃಶ್ಯ ಬಂತು. ಬೀನ್‌ನ ಸಹಾಯಕ ಪೀಟರ್, ನಟ ಜೋನಾ ಹಿಲ್, ಆಟಗಾರನನ್ನು ತಂಡದಿಂದ ತೆಗೆಯುವುದು ಹೇಗೆಂದು ಕಲಿಯುತ್ತಾನೆ. ಸುತ್ತಿ ಬಳಸಿ ಮಾತಾಡಬೇಡ, ನೇರ ಹೇಳು, ಮುಗಿಸು. ಇಷ್ಟೇ ಪಾಠ. ಆಮೇಲೆ ಅವನೇ ಕಾರ್ಲೋಸ್ ಪೆನ್ಯಾ ಎಂಬ ಹುಡುಗನನ್ನು ಕರೆದು, ನಿನ್ನನ್ನು ಡೆಟ್ರಾಯ್ಟ್ ತಂಡಕ್ಕೆ ಕೊಟ್ಟಿದ್ದೇವೆ, ಅಲ್ಲಿ ಇವರಿಗೆ ಫೋನ್ ಮಾಡು ಎಂದು ನಂಬರು ಕೊಡುತ್ತಾನೆ. ಹುಡುಗ ಎದ್ದು ಹೋಗುತ್ತಾನೆ.

"ಸ್ವಲ್ಪ ನಿಲ್ಸು ಮರಿ" ಎಂದರು ಹಿರಿಯರು. ನಿಲ್ಲಿಸಿದೆ.

"ನಂಗೆ ಇಂಥದ್ದು ಯಾರೂ ಹೇಳ್ಲಿಲ್ಲ ಕಣಯ್ಯ. ಒಂದು ವರ್ಷ ಫೋನು ಕಮ್ಮಿ ಆಯ್ತು. ಮುಂದಿನ ವರ್ಷ ನಿಂತೇ ಹೋಯ್ತು. ಲೈನ್ ಕೆಟ್ಟಿದೆಯೇನೋ ಅಂತ ಪಕ್ಕದ ಮನೆಯಿಂದ ನನ್ನ ನಂಬರಿಗೆ ನಾನೇ ಫೋನ್ ಮಾಡಿ ನೋಡ್ದೆ. ಚೆನ್ನಾಗೇ ರಿಂಗ್ ಆಯ್ತು!"

ನಾನು ಏನು ಹೇಳಲಿ? "ಸಾರ್, ನಿಮ್ಮಂಥವರನ್ನ..." ಎಂದು ಏನೋ ತೊದಲಿದೆ.

"ಹೊಗಳಬೇಡ, ಬಿಡು. ನಂಗೆ ಈಗ ಮೆಟ್ಲು ಹತ್ತಕ್ಕಾಗಲ್ಲ. ಫೈಟು ಬೇಡ, ಓಟ ಬೇಡ. ಆದ್ರೆ ಎರಡು ಪುಟ ಡೈಲಾಗ್ ಕೊಡು, ಒಂದೇ ಟೇಕ್! ಅದಿನ್ನೂ ಇದೆ. ಯಾರೂ ಕೇಳಿಲ್ಲ, ಅಷ್ಟೆ" ಎಂದರು.

ಓಕ್ಲೆಂಡ್ ತಂಡ ಈಗ ಓಕ್ಲೆಂಡಿನಲ್ಲೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಆ ಹಳೆಯ ಮೈದಾನದಲ್ಲಿ ಕೊನೆಯ ಪಂದ್ಯವಾಡಿ ಊರನ್ನೇ ಬಿಟ್ಟಿತು. ಜಸ್ಟಿಸ್‌ನ ಆಟವೂ 2002ಕ್ಕೇ ಮುಗಿಯಿತು. ಮುದುಕ ಎಂದವರ ಮಾತು ಒಂದು ವರ್ಷ ತಡವಾಗಿ ನಿಜವಾಯಿತು ಎನ್ನಿ. ಆದರೆ ಆ ಒಂದು ವರ್ಷದಲ್ಲಿ ಅವನು ಬೇಸಿನ ಮೇಲೆ ನಿಂತದ್ದನ್ನು ಯಾರು ಅಳಿಸುತ್ತಾರೆ?

ಚಿತ್ರ ಮುಗಿದು ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿರಿಯರು ಬಾಗಿಲವರೆಗೂ ಬಂದರು.

"ಅಲ್ಲಯ್ಯ, ಆ ದಪ್ಪ ಹುಡುಗ 'ಹೋಗು' ಅಂದ, ಸರಿ. ಆದ್ರೆ ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ನಂಬರೂ ಕೊಟ್ಟ ನೋಡು!" ಎಂದರು.