ನಿಮಗಿದು ಗೊತ್ತೆ? ಕಲ್ಲಿನ ವೀರನ ಕಾಲಿಗೆ ಮರದ ಮೋಟು!

ರೋಮನ್ನರ ಕಾಲದ ಅಮೃತಶಿಲೆಯ ವಿಗ್ರಹಗಳನ್ನು ಗಮನಿಸಿ. ಮೈಮೇಲೆ ನೂಲೆಳೆಯೂ ಇಲ್ಲದೆ ನಿಂತ ವೀರನ ಕಾಲಿಗೆ ಎಷ್ಟೋ ಕಡೆ ಕಲ್ಲಿನಲ್ಲೇ ಕಡೆದ ಮರದ ಮೋಟೊಂದು ಅಂಟಿಕೊಂಡಿರುತ್ತದೆ. ಅದು ಅಲಂಕಾರಕ್ಕಲ್ಲ. ವಿಗ್ರಹ ಮುರಿದು ಬೀಳದಿರಲಿ ಎಂದು ಕೊಟ್ಟ ಆಸರೆ!

ಇವುಗಳಲ್ಲಿ ಹಲವು, ಗ್ರೀಕರ ಕಂಚಿನ ವಿಗ್ರಹಗಳ ನಕಲು. ಕಂಚಿನ ಪ್ರತಿಮೆ ಒಳಗೆ ಟೊಳ್ಳು. ಲೋಹ ಗಟ್ಟಿ, ಎಳೆತ ತಾಳುತ್ತದೆ. ಹಾಗಾಗಿ ಎರಡೇ ಕಾಲಿನ ಮೇಲೆ ಸಲೀಸಾಗಿ ನಿಲ್ಲುತ್ತದೆ. ಅಮೃತಶಿಲೆ ಹಾಗಲ್ಲ. ಇಡೀ ಮೈಯ ಭಾರ ತೆಳುವಾದ ಕಣಕಾಲಿನ ಮೇಲೆ ಬಿದ್ದರೆ ಅಲ್ಲೇ ಬಿರುಕು ಬಿಡುತ್ತದೆ.

ನೇಪಲ್ಸ್ ವಸ್ತುಸಂಗ್ರಹಾಲಯದ ‘ಈಟಿ ಹಿಡಿದವ’ನನ್ನೇ ನೋಡಿ. ಕ್ರಿ.ಪೂ. 440ರ ಸುಮಾರಿಗೆ ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್ ರೂಪಿಸಿದ ಮೂಲ ಕಂಚು ಉಳಿದಿಲ್ಲ. ಪಾಂಪೆಯಲ್ಲಿ ಸಿಕ್ಕ ಕಲ್ಲಿನ ನಕಲಿನಲ್ಲಿ ಬಲಗಾಲಿನ ಹಿಂದೆ ಮೋಟು ಇದೆ. ಬಲ ಮಣಿಕಟ್ಟಿಗೂ ಸೊಂಟಕ್ಕೂ ನಡುವೆ ಪುಟ್ಟ ಕಲ್ಲಿನ ಕಡ್ಡಿಯೂ ಇದೆ.

1972ರಲ್ಲಿ ಇಟಲಿಯ ರಿಯಾಚೆ ಕರಾವಳಿಯ ಸಮುದ್ರದಡಿ ಗ್ರೀಕರ ಇಬ್ಬರು ಕಂಚಿನ ಯೋಧರು ಸಿಕ್ಕರು. ಎತ್ತರ ಸುಮಾರು 2 ಮೀಟರ್. ಅವರಿಗೆ ಮೋಟೂ ಇಲ್ಲ, ಕಡ್ಡಿಯೂ ಇಲ್ಲ.

ಜಾಣ ಶಿಲ್ಪಿಗಳು ಈ ಆಸರೆಯಲ್ಲೂ ಕಥೆ ಹೇಳಿದರು. ವ್ಯಾಟಿಕನ್‌ನಲ್ಲಿರುವ ಚಕ್ರವರ್ತಿ ಅಗಸ್ಟಸ್‌ನ ಅಮೃತಶಿಲೆಯ ವಿಗ್ರಹದ ಬಲಗಾಲಿಗೆ ಆಸರೆ, ಡಾಲ್ಫಿನ್ ಏರಿದ ಪುಟಾಣಿ ಕ್ಯುಪಿಡ್. ಅವನು ವೀನಸ್ ದೇವತೆಯ ಮಗ. ಅಗಸ್ಟಸ್‌ನ ಮನೆತನವೂ ತಾನು ವೀನಸ್ ವಂಶದ್ದೆಂದು ಹೇಳಿಕೊಳ್ಳುತ್ತಿತ್ತು. ಕಾಲಿಗೂ ಬಲ, ವಂಶಕ್ಕೂ ಪ್ರಚಾರ!