ಗಿಣ್ಣು ಗಟ್ಟಿಯಾಗುವ ಬಗೆ

ಹಾಲಿನ ಪ್ರೋಟೀನ್‌ಗಳಲ್ಲಿ ಎರಡು ಪಂಗಡ. ಹುಳಿ ಬಿದ್ದಾಗ ಗಟ್ಟಿಯಾಗಿ ಬೇರ್ಪಡುವುದು ಕೇಸೀನ್. ಹಸಿಹಾಲು ಒಡೆದ ಮೇಲೆ ಉಳಿಯುವ ತಿಳಿನೀರಿನಲ್ಲಿ ಕರಗಿರುವವು ಮಿಕ್ಕವು. ಹಸುವಿನ ಒಂದು ಲೀಟರ್ ಹಾಲಿನಲ್ಲಿ ಕೇಸೀನ್ ಸುಮಾರು 26 ಗ್ರಾಂ, ತಿಳಿನೀರಿನ ಪ್ರೋಟೀನ್‌ಗಳು ಸುಮಾರು 6 ಗ್ರಾಂ. ಕೇಸೀನ್ ಕುದಿತಕ್ಕೆ ಜಗ್ಗುವುದಿಲ್ಲ, ಹುಳಿಗೆ ಸೋಲುತ್ತದೆ. ತಿಳಿನೀರಿನ ಪ್ರೋಟೀನ್‌ಗಳದು ಇದಕ್ಕೆ ತಿರುಗುಮುರುಗು.

ಇದು ಬರಿಗಣ್ಣಿಗೆ ಕಾಣುವುದು ಗಿಣ್ಣಿನಲ್ಲಿ. ಕರ್ನೂಲು ಜಿಲ್ಲೆಯ ಪಡುವಣ ಅಂಚಿನ ಆದೋನಿ, ಕೌತಾಳಂ, ಉರುಕುಂದದ ಕಡೆ ಎಮ್ಮೆ ಈದರೆ ಕನ್ನಡದವರ ಮನೆಯಲ್ಲಿ ಗಿಣ್ಣು, ಪಕ್ಕದ ತೆಲುಗರ ಮನೆಯಲ್ಲಿ ಜುನ್ನು. ಈದ ಮೊದಲ ದಿನದ ಹಳದಿ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿಟ್ಟರೆ ಕತ್ತರಿಸಿ ತಿನ್ನುವಷ್ಟು ಗಟ್ಟಿಯಾಗುತ್ತದೆ. ಹೆಪ್ಪು ಹಾಕಿಲ್ಲ, ನಿಂಬೆ ಹಿಂಡಿಲ್ಲ. ಹಾಲು ಒಡೆದದ್ದರಿಂದ ಹೀಗಾಯಿತು ಎನ್ನುವವರಿದ್ದಾರೆ, ಬೆಲ್ಲದಿಂದ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಒಡೆದ ಹಾಲಿನಲ್ಲಿ ಗಟ್ಟಿ ಬೇರೆ, ನೀರು ಬೇರೆ. ಒಳ್ಳೆಯ ಗಿಣ್ಣು ನೀರನ್ನು ತನ್ನೊಳಗೇ ಹಿಡಿದು ನಿಲ್ಲುತ್ತದೆ. ಬೆಲ್ಲ ಬರೀ ರುಚಿಗೆ. ಗಟ್ಟಿ ಮಾಡುವುದು ಕಾವಿಗೆ ಸೋತ ತಿಳಿನೀರಿನ ಪ್ರೋಟೀನ್‌ಗಳು.

ಒಳಗೆ ನಡೆಯುವುದನ್ನು ತಿಳಿಯಲು ಬೀಟಾ-ಲ್ಯಾಕ್ಟೊಗ್ಲಾಬ್ಯುಲಿನ್ ಎಂಬ ಪ್ರೋಟೀನನ್ನು ಹಿಡಿದರೆ ಸಾಕು. ದಿನದ ಹಾಲಿನ ತಿಳಿನೀರಿನ ಪ್ರೋಟೀನ್‌ಗಳಲ್ಲಿ ಸುಮಾರು ಅರ್ಧ ಪಾಲು ಇದರದೇ. 162 ಅಮೈನೊ ಆಮ್ಲಗಳ ಸರಪಳಿಯೊಂದು ಮಡಚಿಕೊಂಡು ಸಣ್ಣ ಉಂಡೆಯಾಗಿರುತ್ತದೆ. ನೀರಿಗೆ ಒಗ್ಗದ ಭಾಗಗಳು ಬಹುಪಾಲು ಒಳಗೆ, ಒಗ್ಗುವವು ಹೊರಗೆ; ಹಾಗಾಗಿ ಅದು ಕರಗಿರುತ್ತದೆ. ಸರಪಳಿಯಲ್ಲಿ ಗಂಧಕವಿರುವ ಐದು ಸಿಸ್ಟೀನ್‌ಗಳಿವೆ. ನಾಲ್ಕು ಜೋಡಿಜೋಡಿಯಾಗಿ ಬೆಸೆದು ಎರಡು ಸೇತುವೆ ಕಟ್ಟಿರುತ್ತವೆ. ಐದನೆಯದು, 121ನೇ ಸ್ಥಾನದ್ದು, ಒಂಟಿ. ಮಡಿಕೆಯೊಳಗೆ ಹುದುಗಿ ಕೂತಿರುವುದರಿಂದ ಅದು ಯಾರ ತಂಟೆಗೂ ಹೋಗದು.

ಕಾವು 70 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮಡಿಕೆ ಸಡಿಲಗೊಂಡು ಈ ಒಂಟಿ ಗಂಧಕ ಹೊರಗೆ ಬರುತ್ತದೆ. ಬಂದದ್ದೇ ನೆರೆಯ ಪ್ರೋಟೀನಿನ ಸೇತುವೆಯೊಂದನ್ನು ಮುರಿದು, ಮುರಿದ ಒಂದು ತುದಿಗೆ ತಾನು ಬೆಸೆದುಕೊಳ್ಳುತ್ತದೆ. ಚಂದವಿರುವುದು ಇಲ್ಲೇ: ಸೇತುವೆಯ ಇನ್ನೊಂದು ತುದಿ ಈಗ ಒಂಟಿ. ಅದು ಮತ್ತೊಂದು ಸೇತುವೆಗೆ ಕೈ ಹಾಕುತ್ತದೆ. ಒಂಟಿತನ ಒಬ್ಬರಿಂದೊಬ್ಬರಿಗೆ ದಾಟುತ್ತ ಹೋಗುತ್ತದೆ. ತನ್ನದೆನ್ನುವ ಒಂಟಿ ಸಿಸ್ಟೀನ್ ಇಲ್ಲದ, ನಾಲ್ಕು ಸೇತುವೆಗಳ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಕೂಡ ಹೀಗೇ ಸಿಕ್ಕಿಬೀಳುತ್ತದೆ. ಜೊತೆಗೆ, ಬಯಲಿಗೆ ಬಂದ ನೀರಿಗೊಗ್ಗದ ಭಾಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟು ಮತ್ತು ಬೆಸುಗೆ ಎರಡೂ ಸೇರಿದ ಮೇಲೆ ತಣ್ಣಗಾದರೂ ಬಿಡುಗಡೆಯಿಲ್ಲ. ಗಿಣ್ಣನ್ನು ಮತ್ತೆ ಹಾಲು ಮಾಡಲಾಗದು.

ಹಾಗಾದರೆ ದಿನದ ಹಾಲು ಕಾಯಿಸಿದರೆ ಗಿಣ್ಣು ಏಕಾಗದು? ಮೊದಲನೆಯದಾಗಿ, ಸರಕು ಸಾಲದು. ಹಸು ಈದ ಮೊದಲ ಕರಾವಿನ ಒಂದು ಲೀಟರಿನಲ್ಲಿ ರೋಗನಿರೋಧಕ ಇಮ್ಯುನೊಗ್ಲಾಬ್ಯುಲಿನ್‌ಗಳೇ 50 ಗ್ರಾಂ ಮುಟ್ಟಬಹುದು. ದಿನದ ಹಾಲಿನಲ್ಲಿ ಅವು ಸುಮಾರು ಒಂದು ಗ್ರಾಂ. ಇವೂ ತಿಳಿನೀರಿನ ಪ್ರೋಟೀನ್‌ಗಳೇ, ಕಾವಿಗೆ ಬಿಚ್ಚಿಕೊಂಡು ಜಾಲ ಕಟ್ಟುತ್ತವೆ. ಕರಾವಿನಿಂದ ಕರಾವಿಗೆ ಇವು ಇಳಿಯುವುದರಿಂದಲೇ ಗಿಣ್ಣು ದಿನದಿಂದ ದಿನಕ್ಕೆ ಮೆತ್ತಗಾಗುತ್ತದೆ. (ಕರು ಈ ಮೊದಲ ಹಾಲನ್ನು ಹಸಿಯಾಗಿ, ಹುಟ್ಟಿದ ಮೊದಲ ಗಂಟೆಗಳಲ್ಲೇ ಕುಡಿಯಬೇಕು, ಒಂದು ದಿನ ಕಳೆದರೆ ಅದರ ಕರುಳು ಇವನ್ನು ಹೀರಿಕೊಳ್ಳದು. ಮನೆಯವರ ಪಾಲು ಅದಾದ ಮೇಲೆ.) ಎರಡನೆಯದಾಗಿ, ದಿನದ ಹಾಲಿನಲ್ಲಿ ಬಿಚ್ಚಿಕೊಂಡ ಪ್ರೋಟೀನ್‌ಗಳು ಬಹಳಷ್ಟು ಕೇಸೀನ್ ಕಣಗಳ ಮೈಗೇ ಹೋಗಿ ಹತ್ತುತ್ತವೆ. ಗಂಟು ಕಟ್ಟಿದ್ದಾಗಿದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಅದರ ಗುರುತು ಮಾತ್ರ ಅಡುಗೆಮನೆ ತುಂಬ ಇದೆ. ಚೆನ್ನಾಗಿ ಕುದಿಸಿದ ಹಾಲಿನ ಮೊಸರು ಗಟ್ಟಿಯಾಗುವುದು ಕೇಸೀನಿಗೆ ಹತ್ತಿದ ಈ ಪ್ರೋಟೀನ್‌ಗಳಿಂದ. ಕಾಯಿಸಿದ ಹಾಲಿನ ವಾಸನೆಗೆ ಬಯಲಾದ ಗಂಧಕ ಕಾರಣ. ಕೆನೆಯೆಂದರೆ ಬರೀ ಕೊಬ್ಬಲ್ಲ, ಮೇಲ್ಮೈಯಲ್ಲಿ ಒಣಗಿ ಹೆಣೆದುಕೊಂಡ ಪ್ರೋಟೀನೂ ಹೌದು. ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಗೆ ಜನ ನೆರೆದಾಗ ಚಹಾದಂಗಡಿಯ ಪಾತ್ರೆಯಲ್ಲಿ ಹಾಲು ಅಡಿ ಹಿಡಿಯುವುದರಲ್ಲೂ, ಡೇರಿಯ ಪಾಶ್ಚರೀಕರಣ ಯಂತ್ರದ ಫಲಕಗಳಿಗೆ ಬಿಳಿಯ ಪದರ ಕಟ್ಟುವುದರಲ್ಲೂ ಬೀಟಾ-ಲ್ಯಾಕ್ಟೊಗ್ಲಾಬ್ಯುಲಿನ್ನಿನ ಕೈವಾಡವಿದೆ.

ನಂಬಿಕೆ ಬಾರದವರು, ಅದರಲ್ಲೂ ಶಾಲೆಯ ಮೇಷ್ಟ್ರುಗಳು, ಒಂದು ಪರೀಕ್ಷೆ ಮಾಡಿ ನೋಡಬಹುದು. ಕಾಯಿಸದ ಹಾಲಿಗೂ ಹತ್ತು ನಿಮಿಷ ಕುದಿಸಿ ಆರಿಸಿದ ಹಾಲಿಗೂ ಬೇರೆಬೇರೆಯಾಗಿ ಹೆಪ್ಪು ಹಾಕಬೇಕು. ಎರಡೂ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು ಸೋರುವ ನೀರನ್ನು ಹಿಡಿದು ಕುದಿಸಬೇಕು. ಮೊದಲನೆಯ ನೀರಿನಲ್ಲಿ ಬಿಳಿಯ ಚೂರುಗಳು ಏಳುತ್ತವೆ. ಎರಡನೆಯದರಲ್ಲಿ ಏಳುವುದು ತೀರ ಕಡಿಮೆ, ಏಕೆಂದರೆ ಅಲ್ಲಿಯ ಪ್ರೋಟೀನ್ ಆಗಲೇ ಮೊಸರಿನ ಪಾಲಾಗಿದೆ. ಕಾಯಿಸದ ಹಾಲಿನ ಮೊಸರು ಪರೀಕ್ಷೆಗೆ ಮಾತ್ರ, ತಿನ್ನಲು ಅಲ್ಲ.