ಕ್ರಿಪ್ಟೋಸ್: ಬೆಂಗಳೂರಿನ ಹೆವಿ ಮೆಟಲ್

ಭಾರತದಿಂದ ಹೊರಟು ಯೂರೋಪಿನಲ್ಲಿ ಪ್ರವಾಸ ಮಾಡಿದ ಮೊದಲ ಹೆವಿ ಮೆಟಲ್ ತಂಡವೆಂದು ಹೆಸರಾದದ್ದು ಬೆಂಗಳೂರಿನ ಕ್ರಿಪ್ಟೋಸ್. ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ 1998ರಲ್ಲಿ ಇದನ್ನು ಕಟ್ಟಿದರು.

ಹೆವಿ ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈಯವರಾದ ಅವರು ಗಿಟಾರಿನ ತಂತಿ ಒತ್ತುತ್ತಿದ್ದದ್ದು ಅದೇ ಬೆರಳುಗಳಿಂದ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದರು. ನಾದ ಮಂದ್ರವಾಯಿತು, ಭಾರವಾಯಿತು. 1970ರಲ್ಲಿ ಬಂದ ಅವರ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಆಲ್ಬಮ್ಮಿನಿಂದಲೇ ಈ ಪ್ರಕಾರದ ಚರಿತ್ರೆಯನ್ನು ಎಣಿಸುವುದು ವಾಡಿಕೆ.

ಬೆಂಗಳೂರಿಗೆ ಕ್ರಿಪ್ಟೋಸ್ ಮೊದಲ ಮೆಟಲ್ ತಂಡವಲ್ಲ. ಮಿಲೇನಿಯಂ 1980ರ ದಶಕದ ಕೊನೆಯಲ್ಲೂ ಡೈಯಿಂಗ್ ಎಂಬ್ರೇಸ್ 1990ರ ದಶಕದ ಆರಂಭದಲ್ಲೂ ದಾರಿ ಮಾಡಿದ್ದವು. ಕ್ರಿಪ್ಟೋಸ್‌ನ ಹೆಚ್ಚುಗಾರಿಕೆ ಇರುವುದು ಬಿಡದೆ ಮುಂದುವರಿದದ್ದರಲ್ಲಿ. ಮೊದಲ ಆಲ್ಬಮ್ ‘ಸ್ಪೈರಲ್ ಅಸೆಂಟ್’ 2004ರಲ್ಲಿ, ‘ದಿ ಆರ್ಕ್ ಆಫ್ ಜೆಮಿನಿ’ 2008ರಲ್ಲಿ ಬಂದವು. ಗಣೇಶ್ ತಂಡ ಬಿಟ್ಟರು, ಡ್ರಮ್ ನುಡಿಸುವವರೂ ಬದಲಾದರು. ಕಟ್ಟಿದ ಇಬ್ಬರಲ್ಲಿ ಗಿಟಾರ್ ಹಿಡಿದು ಹಾಡುವ ನೋಲನ್ ಮಾತ್ರ ಉಳಿದರು.

ಈ ತಂಡದ ನಾದಕ್ಕೆ ಎರಡು ಗುರುತು. ಒಂದೇ ಸ್ವರಸಂಚಾರವನ್ನು ಎರಡು ಗಿಟಾರ್‌ಗಳು ಬೇರೆ ಬೇರೆ ಸ್ಥಾನದಲ್ಲಿ ಜೊತೆಜೊತೆಗೆ ನುಡಿಸುತ್ತವೆ. ಇದು ಐರನ್ ಮೇಡನ್, ಜೂಡಾಸ್ ಪ್ರೀಸ್ಟ್ ತಂಡಗಳ ಕಾಲದ ಶೈಲಿ. ಅದರ ಮೇಲೆ ನೋಲನ್‌ರ ಒರಟು, ಕೆರಳಿದ ಕಂಠ. ಇಷ್ಟು ಇಂಪಾದ ಗಿಟಾರಿಗೆ ಇಷ್ಟು ಕರ್ಕಶ ಗಂಟಲೇಕೆ ಎಂದು ಹೊಸಬರಿಗೆ ಅನ್ನಿಸಿದರೆ ತಪ್ಪೇನಿಲ್ಲ. ಎರಡೂ ಒಗ್ಗಲು ನಾಲ್ಕಾರು ಹಾಡು ಕೇಳಬೇಕು.

2010ರಲ್ಲಿ ಯೂರೋಪ್ ಪ್ರವಾಸ, 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವ. ವಾಕನ್ ಎಂಬುದು ಸುಮಾರು ಎರಡು ಸಾವಿರ ಜನರ ಊರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಯೊಂದರಷ್ಟು. 1990ರಿಂದ ನಡೆಯುತ್ತಿರುವ ಉತ್ಸವಕ್ಕೆ ಈಗ ಪ್ರತಿ ಬೇಸಿಗೆ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿ ಬರುತ್ತಾರೆ. 2016ರಲ್ಲಿ ‘ಬರ್ನ್ ಅಪ್ ದಿ ಸ್ಕೈ’ ಆಲ್ಬಮ್ಮನ್ನು ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಹೊರತಂದಿತು. ಆಮೇಲೆ ‘ಆಫ್ಟರ್‌ಬರ್ನರ್’ (2019), ‘ಫೋರ್ಸ್ ಆಫ್ ಡೇಂಜರ್’ (2021), ‘ಡೆಸಿಮೇಟರ್’ (2024) ಬಂದವು.

ಇತ್ತ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ನುಡಿಸಿದವು. ಕೇಳುವವರ ಊರೆಂದು ಬೆಂಗಳೂರು ಹೆಸರಾದ ಆ ವರ್ಷಗಳಲ್ಲೇ, ಇಲ್ಲಿಂದ ಹೊರಗೆ ಹೋಗಿಯೂ ನುಡಿಸಬಹುದೆಂದು ತೋರಿಸಿದ್ದು ಕ್ರಿಪ್ಟೋಸ್. ಹಾಡುಗಳು ಇಂಗ್ಲಿಷಿನಲ್ಲಿವೆ, ವೇದಿಕೆಗಳು ಮಹಾನಗರದಲ್ಲಿವೆ. ಚಿತ್ರದುರ್ಗ, ಹಿರಿಯೂರಿನ ಕೇಳುಗರಿಗೆ ಈ ಸಂಗೀತ ಸಿಗುವುದು ಹೆಚ್ಚಾಗಿ ಮೊಬೈಲಿನಲ್ಲೇ. ಹೊಸದಾಗಿ ಕೇಳುವವರು ‘ಆಫ್ಟರ್‌ಬರ್ನರ್’ನಿಂದ ಶುರುಮಾಡಬಹುದು. ಸದ್ದು ಮಾತ್ರ ಜೋರಾಗಿರಲಿ.